ಹೇಳಿಕೊಡಬೇಡಿ, ನಾನೇ ಸಾಯುತ್ತೇನೆ

ತರೀಕೆರೆಯಲ್ಲಿರುವ ನನ್ನ ತಂಗಿ ಮೊನ್ನೆ ಫೋನ್ ಮಾಡಿದ್ದಳು. "ಅಕ್ಕಾ, ನೀನ್ ಆಡ್ತೀಯಲ್ಲ ಆ ಕತ್ತಿ ಕುದುರೆ ಗೇಮು, ಅದನ್ನ ನಾನೂ ಹಾಕ್ಕೊಂಡಿದೀನಿ ಕಣೇ. ಹೊಸಬ್ರು ಮೊದ್ಲು ಏನ್ ಮಾಡ್ಬೇಕು ಹೇಳು" ಅಂದಳು.

"ಮೊದ್ಲು ನಿನ್ ಗಂಡನ್ನ ಮನೆಯಿಂದಾಚೆ ಕಳ್ಸು" ಅಂದೆ.

ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ನನ್ನ ಗಂಡನಿಗೆ ಕಡೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಮೋಟರ್ ರೀವೈಂಡಿಂಗ್ ಅಂಗಡಿ ಇದೆ. ಯಾರಾದರೂ ಸುಟ್ಟ ಪಂಪು ಹೊತ್ತುಕೊಂಡು ಬಂದರೆ, ತಂದವನು ಅದನ್ನು ಹೇಗೆ ಸುಟ್ಟುಕೊಂಡ ಎಂಬ ಪಾಠ ಮೊದಲು, ರಿಪೇರಿ ಆಮೇಲೆ. ಪಾಪದ ರೈತರು ತಲೆಯಾಡಿಸಿ ಕೇಳುತ್ತಾರೆ, ಅವರಿಗೆ ಪಂಪು ಬೇಕು. ನನಗೆ ಅಂಥ ದರ್ದು ಇರಲಿಲ್ಲ, ಆದರೂ ಇಪ್ಪತ್ತು ವರ್ಷ ಕೇಳಿದೆ. ಮುದ್ದೆ ತಿರುವುವುದು ಹೇಗೆ ಎಂಬುದನ್ನೂ ಆ ಮನುಷ್ಯ ನನಗೆ ಹೇಳಿಕೊಟ್ಟಿದ್ದಾರೆ. ಸ್ಕೂಟರ್ ಕಲಿಸುವಾಗ ಹಿಂದೆ ಓಡಿ ಬರುತ್ತಾ "ಬ್ರೇಕು, ಬ್ರೇಕು, ಆ ಬ್ರೇಕಲ್ಲ ಕಣೇ!" ಎಂದು ಎಷ್ಟು ಕೂಗಿದರೆಂದರೆ, ನಾನು ಸೀದಾ ಚರಂಡಿಗೆ ಇಳಿಸಿದೆ. ಅವತ್ತಿನಿಂದ ಸ್ಕೂಟರ್ ಮುಟ್ಟಿಲ್ಲ.

ಮಗ ಪಿಯುಸಿಗೆ ಹಾಸ್ಟೆಲ್ ಸೇರಿದಾಗ ಅವನ ಗೇಮಿನ ಪೆಟ್ಟಿಗೆ ಟಿವಿ ಕೆಳಗೇ ಉಳಿಯಿತು. ಒಂದು ಮಧ್ಯಾಹ್ನ ಪಾತ್ರೆ ತೊಳೆದು ಸುಮ್ಮನೆ ಹಾಕಿದೆ. ಬೆಟ್ಟ, ಕಾಡು, ಕೋಟೆ, ನಡುವೆ ಒಬ್ಬ ಹರಕು ಅಂಗಿಯ ವೀರ. ಎಲ್ಲಿಗೆ ಬೇಕಾದರೂ ಹೋಗು, ಯಾರನ್ನು ಬೇಕಾದರೂ ಮಾತಾಡಿಸು ಅಂದಿತು ಗೇಮು. ಮದುವೆಯಾದ ಮೇಲೆ ಈ ಮಾತನ್ನು ನನಗೆ ಬೇರೆ ಯಾರೂ ಹೇಳಿರಲಿಲ್ಲ.

ಮೊದಲ ದಿನ ತೋಳ ಕೊಂದಿತು, ಎರಡನೇ ದಿನ ನಾನೇ ಬೆಟ್ಟದಿಂದ ಬಿದ್ದು ಸತ್ತೆ. ಆ ಎರಡು ದಿನ ಬಹಳ ಖುಷಿಯಾಗಿದ್ದೆ. ಮೂರನೇ ದಿನ ಊಟಕ್ಕೆ ಬಂದ ಯಜಮಾನರು ನೋಡಿಬಿಟ್ಟರು.

ಅಲ್ಲಿಂದ ಶುರು. ತಟ್ಟೆ ಕೈಯಲ್ಲೇ ಹಿಡಿದು ನನ್ನ ಹೆಗಲ ಹಿಂದೆ ನಿಲ್ಲುವುದು, ಬಾಯಲ್ಲಿ ಅನ್ನ ಇಟ್ಟುಕೊಂಡೇ "ಎಡಕ್ಕೆ, ಎಡಕ್ಕೆ. ಲೇ, ಅದು ಬಲ ಕಣೇ" ಅನ್ನುವುದು. ಹೊಸಬರಿಗೆ ಸಲಹೆ ಕೊಡುವ ವಿಡಿಯೋಗಳನ್ನು ಅಂಗಡಿಯಲ್ಲಿ ಕೂತು ನೋಡಿ ಬಂದು ನನ್ನ ಮೇಲೆ ಸುರಿಯುವುದು. ದೊಡ್ಡ ಕತ್ತಿ ಹಿಡಿ. ಸೊಪ್ಪು ಸದೆ ಕೀಳಬೇಡ. ಹಳ್ಳಿಯವರ ಹತ್ತಿರ ಹರಟಬೇಡ, ಟೈಮ್ ವೇಸ್ಟು. ಆ ಗೇಮಿನಲ್ಲಿ ನನಗೆ ಇಷ್ಟವಾಗಿದ್ದೇ ಸೊಪ್ಪು ಕೀಳುವುದು ಮತ್ತು ಹಳ್ಳಿಯವರ ಹತ್ತಿರ ಹರಟುವುದು.

ಹೊಲದ ವಿಷಯಕ್ಕಂತೂ ದೊಡ್ಡ ರಂಪವೇ ಆಯಿತು. ನನ್ನ ತವರು ಯಗಟಿ ಕಡೆ. ಬೆಳೆದು ನಿಂತ ರಾಗಿಗೆ ಕಾಲಿಟ್ಟರೆ ನಮ್ಮಪ್ಪ ಮಾತಾಡುತ್ತಿರಲಿಲ್ಲ, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುತ್ತಿದ್ದರು. ಗೇಮಿನ ಹಳ್ಳಿಯ ಸುತ್ತ ಹೊಂಬಣ್ಣದ ಪೈರು. ಹಿಂದಿನಿಂದ ಕಳ್ಳರು ಅಟ್ಟಿಸಿಕೊಂಡು ಬರುತ್ತಿದ್ದಾರೆ, ನನ್ನ ವೀರ ಬದುವಿನ ಮೇಲೇ ಸುತ್ತು ಹಾಕಿಕೊಂಡು ಓಡುತ್ತಿದ್ದಾನೆ.

"ನಡುವೆ ನುಗ್ಗೇ! ನುಗ್ಗು!"

"ಬೆಳೆ ಇದೆ ಕಣ್ರೀ."

"ಅದು ಟಿವಿ ಕಣೇ! ಯಾರಪ್ಪನ ಬೆಳೆ ಅದು?"

ಬದುವಿನ ತುದಿಯಲ್ಲಿ ಕಳ್ಳರು ಅಡ್ಡಗಟ್ಟಿ ಕೊಂದರು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ಯಜಮಾನರು ಕೈ ತೊಳೆಯಲು ಹೋದರು. ನನಗೆ ಮೈಯೆಲ್ಲ ಉರಿಯಿತು. ಸತ್ತದ್ದಕ್ಕಲ್ಲ. ನಾನು ಬೇಕೆಂದೇ ಬದುವಿನ ಮೇಲೆ ಓಡಿದ್ದೆ, ಹಾಗೆ ಓಡಿ ಸಾಯುವುದು ನನ್ನ ಇಷ್ಟ. ಆ ಇಷ್ಟಕ್ಕೆ ಆ ಮನೆಯಲ್ಲಿ ಜಾಗ ಇರಲಿಲ್ಲ.

ಆಮೇಲೆ ಅವರೂ ಅದೇ ಗೇಮಿನಲ್ಲಿ ತಮ್ಮದೇ ಒಂದು ಆಟ ಬೇರೆಯಾಗಿ ಶುರು ಮಾಡಿದರು, ನನಗೆ ತೋರಿಸಿಕೊಡಲು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಮೊದಲ ತೋಳವೇ ಅವರನ್ನೂ ತಿಂದಿತು. ತಪ್ಪು ರಿಮೋಟಿನದು ಅಂದರು. ನಾನು ಅವರು ಅಂಗಡಿಗೆ ಹೋದ ಮೇಲೆ ಮಾತ್ರ ಆಡತೊಡಗಿದೆ. ಊಟಕ್ಕೆ ಬರುವ ಹೊತ್ತಿಗೆ ಟಿವಿ ಆರಿಸಿ, ಏನೂ ಅರಿಯದವಳ ಹಾಗೆ ಸಾರು ಬಿಸಿ ಮಾಡುತ್ತಿದ್ದೆ.

ಹಾಗೆ ಆಡುತ್ತಾ ಒಂದು ಹಾಳು ಕೋಟೆಯ ಬಾಗಿಲಿಗೆ ಬಂದೆ. ಅಲ್ಲಿ ಕೊಡಲಿ ಹಿಡಿದ ಒಬ್ಬ ದೈತ್ಯ. ಮೊದಲ ಏಟಿಗೇ ಸತ್ತೆ. ಮರುದಿನವೂ ಸತ್ತೆ. ಸಾಯುತ್ತಾ ಸಾಯುತ್ತಾ ಅವನ ಪರಿಚಯವಾಯಿತು. ಕೊಡಲಿ ಎತ್ತುವ ಮೊದಲು ಬಲಗಾಲು ಹಿಂದಕ್ಕಿಡುತ್ತಾನೆ. ಸಿಟ್ಟು ಬಂದರೆ ನೆಲಕ್ಕೆ ಗುದ್ದುತ್ತಾನೆ, ಆಗ ದೂರ ಓಡಬಾರದು, ಅವನ ಕಾಲಸಂದಿಗೇ ನುಗ್ಗಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಬದುಕಿನಲ್ಲಿ ನಾನು ಒಬ್ಬಳೇ ಕಲಿತದ್ದು ಅಂತ ಇದ್ದರೆ ಆ ದೈತ್ಯನ ಬಲಗಾಲು. ಒಂದು ಮಧ್ಯಾಹ್ನ ಅವನ ಆಯಸ್ಸಿನ ಕೆಂಪು ಗೆರೆ ಬೆರಳಗಲಕ್ಕೆ ಇಳಿದಿತ್ತು, ಅಷ್ಟರಲ್ಲಿ ಕರೆಂಟ್ ಹೋಯಿತು. ಬೇಸರವಾಗಲಿಲ್ಲ. ಇನ್ನೊಂದು ಸಲಕ್ಕೆ ಬಿದ್ದೇ ಬೀಳುತ್ತಾನೆ ಅಂತ ಗೊತ್ತಿತ್ತು.

ಮರುದಿನ ಭಾನುವಾರ, ಸಖರಾಯಪಟ್ಟಣದಲ್ಲಿ ನೆಂಟರ ಮನೆ ಸೀಮಂತ. ಹೋಗದೆ ವಿಧಿಯಿಲ್ಲ, ಒಬ್ಬಳೇ ಹೋದೆ. ಬಸುರಿಗೆ ಮಡಿಲು ತುಂಬುವಾಗಲೂ ನನ್ನ ಕಣ್ಣ ಮುಂದೆ ಆ ಬಲಗಾಲೇ. ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸೀರೆ ಸೆರಗಿನೊಳಗೆ ಹೆಬ್ಬೆರಳು ಆಡಿಸುತ್ತಾ ಅಭ್ಯಾಸ ಮಾಡಿದೆ.

ಮನೆಗೆ ಬಂದರೆ ಯಜಮಾನರು ಬಾಗಿಲಲ್ಲೇ ನಿಂತಿದ್ದರು, ಮುಖ ಊರಗಲ.

"ಬಾ ಬಾ. ನಿನ್ ದೈತ್ಯನ್ನ ಹೊಡೆದಾಕ್ಬಿಟ್ಟೆ!"

ಟಿವಿಯಲ್ಲಿ ಕೋಟೆಯ ಬಾಗಿಲು ತೆರೆದಿತ್ತು. ಅವರ ಆಟದಲ್ಲಲ್ಲ, ನನ್ನದರಲ್ಲಿ. ಇಡೀ ದಿನ ಕೂತು ಹೊಡೆದಿದ್ದರು. ನನ್ನ ವೀರನ ಮೈಮೇಲೆ ಯಾವುದೋ ಕಬ್ಬಿಣದ ಅಂಗಿ, ಕೈಯಲ್ಲಿ ದೊಡ್ಡ ಕತ್ತಿ. ನಾನು ಕೂಡಿಟ್ಟಿದ್ದ ಸೊಪ್ಪು ಬೇರನ್ನೆಲ್ಲ ಮಾರಿಬಿಟ್ಟಿದ್ದರು.

"ನಿನ್ ಆಟ ತೆಗೆದ್ರೆ ಅವನ ಮುಂದೇನೇ ನಿಂತಿತ್ತು. ಪಾಪ, ಎಷ್ಟ್ ದಿನದಿಂದ ಒದ್ದಾಡ್ತಿದ್ಯೋ ಏನೋ. ಗೆದ್ದ ಪಾಯಿಂಟೆಲ್ಲ ನಿನ್ ವೀರನ ಶಕ್ತಿಗೆ ಹಾಕಿದೀನಿ. ಇನ್ ಮುಂದೆ ನಿಂಗೆ ಸಲೀಸು ಕಣೇ" ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ "ಪಾಪ" ತಡೆಯಲಾಗಲಿಲ್ಲ. ಆ ಕ್ಷಣ ಅವರನ್ನು ದ್ವೇಷಿಸಿದೆ, ಇದನ್ನು ಮೃದು ಮಾಡಿ ಹೇಳಲು ನನಗೆ ಬರುವುದಿಲ್ಲ. ಸೀರೆ ಕೂಡ ಬದಲಿಸದೆ ನೆಲದ ಮೇಲೆ ಕೂತು ರಿಮೋಟು ತೆಗೆದುಕೊಂಡೆ. ಈ ಆಟ ಪೂರ್ತಿ ಅಳಿಸಲೇ ಎಂದು ಗೇಮು ಕೇಳಿತು. ಅಳಿಸಿದರೆ ಮತ್ತೆ ಸಿಗುವುದಿಲ್ಲ ಎಂದೂ ಹೇಳಿತು.

"ಏಯ್! ಹುಚ್ಚು ಹಿಡೀತಾ ನಿಂಗೆ? ತಿಂಗಳುಗಟ್ಟಲೆ ಆಡಿದ್ದು ಕಣೇ ಅದು!"

"ಹೌದು. ನಾನ್ ಆಡಿದ್ದು" ಅಂದು ಒತ್ತಿದೆ.

ಎಲ್ಲ ಹೋಯಿತು. ಮತ್ತೆ ಹೊಸದಾಗಿ ಶುರುವಾಯಿತು. ಅವರು ಹಿಂದೆ ಬಂದು ನಿಂತು "ಎಡಕ್..." ಅಂದರು.

ನಾನು ತಿರುಗಲಿಲ್ಲ. "ಇನ್ನೊಂದ್ ಮಾತು ಬಂದ್ರೆ ಈ ರಿಮೋಟು ತಗೊಂಡು ಟಿವಿಗೆ ಹೊಡೀತೀನಿ. ನೋಡೋದಿದ್ರೆ ಬಾಯ್ಮುಚ್ಕೊಂಡು ನೋಡಿ" ಅಂದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಅವರು ಹೋಗಲೂ ಇಲ್ಲ, ಕೂರಲೂ ಇಲ್ಲ. ಪೊದೆಯಿಂದ ತೋಳ ಹಾರಿತು. ನಾನು ತಪ್ಪು ಗುಂಡಿ ಒತ್ತಿ ಸತ್ತೆ. ಹಿಂದೆ ಅವರ ಗಂಟಲಲ್ಲಿ ಏನೋ ಬಂದು ನಿಂತದ್ದು ಕೇಳಿಸಿತು. ನುಂಗಿಕೊಂಡರು.

ನಾನು ಎದ್ದು ಮತ್ತೆ ಅದೇ ತೋಳದ ಕಡೆಗೆ ಹೋದೆ.