ಪೆಟ್ಟಿಗೆಯ ಹಿಂದಿನ ತಿಳಿನೀಲಿ

ಮೊನ್ನೆ ಪೇಂಟಿನವನು ನಡುಮನೆಯ ಮೂಲೆಯಲ್ಲಿದ್ದ ಮರದ ಪೆಟ್ಟಿಗೆಯನ್ನು ಎಳೆದಾಗ ಹಳೆಯ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಧೂಳು, ಜೇಡರ ಬಲೆ, ಇಲಿ ಹಿಕ್ಕೆ... ಅದರ ಹಿಂದೆ ಗೋಡೆಯ ಮೇಲೆ ಎರಡು ಮೊರದಷ್ಟು ಅಗಲದ ತಿಳಿನೀಲಿ. ಹಳೆಯ ಇನ್‌ಲ್ಯಾಂಡ್ ಕಾಗದದ ಬಣ್ಣಕ್ಕಿಂತ ಒಂದು ಚೂರು ತಿಳಿ.

“ಇದ್ಯಾವ್ ಶೇಡಮ್ಮ? ನಮ್ ಕಾರ್ಡಲ್ಲೇ ಇಲ್ವಲ್ಲ” ಎಂದ.

ಮೂವತ್ತು ವರ್ಷಕ್ಕೂ ಮೇಲಾಗಿದೆ. ಆದರೂ ಆ ಬಣ್ಣ ಕಂಡ ಕೂಡಲೇ ನನಗೆ ಮೊದಲು ಬಂದದ್ದು ದುಃಖವಲ್ಲ, ಹೊಟ್ಟೆಕಿಚ್ಚು. ಅದು ಪಕ್ಕದ ಮನೆ ಅಕ್ಕನ ಬಣ್ಣ.

ಅರಕಲಗೂಡು ಕಡೆಯ ನಾನು ಹಳೇಕೋಟೆಯ ಈ ಮನೆಗೆ ಸೊಸೆಯಾಗಿ ಬಂದಾಗ ನಮಗೂ ಅಕ್ಕನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೌರಿ ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಯುವುದು ಆಗ ಹೆಂಗಸರ ಕೆಲಸ. ಬರೀ ಸುಣ್ಣ ಹಳದಿ ತಿರುಗುತ್ತದೆಂದು, ಪಂಚೆಗೆ ಹಾಕುವ ನೀಲಿಯನ್ನೇ ಅದಕ್ಕೂ ಬೆರೆಸುತ್ತಿದ್ದರು. ಬೀದಿಯವರೆಲ್ಲ ಬೆರೆಸುತ್ತಿದ್ದರು, ಒಬ್ಬರದು ಕಡು, ಒಬ್ಬರದು ತೇಪೆ ತೇಪೆ. ಅಕ್ಕನ ಮನೆಯದು ಮಾತ್ರ ಕೆಳಗೆ ಕೆಮ್ಮಣ್ಣಿನ ಪಟ್ಟಿ, ಮೇಲೆ ಒಂದೇ ಸಮನಾದ ಆ ತಿಳಿನೀಲಿ. ಬಿಸಿಲಿನಿಂದ ಒಳಗೆ ಹೋದರೆ ಕಣ್ಣಿಗೆ ಮಜ್ಜಿಗೆ ಕುಡಿಸಿದ ಹಾಗಾಗುತ್ತಿತ್ತು. ಯಾರ ಮನೆಯ ಹೆಣ್ಣನ್ನು ನೋಡಲು ಬಂದರೂ ಹುಡುಗಿಯನ್ನು ಕೂರಿಸುತ್ತಿದ್ದದ್ದು ಅಕ್ಕನ ನಡುಮನೆಯಲ್ಲೇ. ಆ ಗೋಡೆಯ ಮುಂದೆ ಎಂಥ ಮುಖವೂ ಬೆಳ್ಳಗೆ ಕಾಣುತ್ತದೆ ಎಂದು ನಂಬಿಕೆ.

ನಮ್ಮತ್ತೆಗಂತೂ ಆ ಮನೆಯೆಂದರೆ ಪ್ರಾಣ. ನಾನು ಕಾಫಿ ಕಾಯಿಸಿಟ್ಟರೂ ಅದನ್ನು ಬಿಟ್ಟು ಅಲ್ಲಿಗೆ ಹೋಗಿ ಕುಡಿಯುತ್ತಿದ್ದರು. ಬಂದು, “ಅವ್ಳ ಗ್ವಾಡೆ ನೋಡ್ತಾ ಕುಂತ್ರೆ ಎದ್ದು ಬರಕ್ಕೇ ಮನ್ಸಾಗಾಕಿಲ್ಲ ಕಣವ್ವ” ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿ. ಅಕ್ಕ ನನಗಿಂತ ಚೆಲುವೆಯಲ್ಲ, ನನ್ನಷ್ಟು ಓದಿದವಳೂ ಅಲ್ಲ. ಅವಳ ಹತ್ತಿರ ಇದ್ದದ್ದು ಒಂದು ಬಣ್ಣ. ಅದನ್ನು ಇಟ್ಟುಕೊಂಡು ನನ್ನ ಅತ್ತೆಯನ್ನೇ ಎಳೆದುಕೊಂಡಿದ್ದಾಳೆ ಎಂದು ಕುದಿಯುತ್ತಿದ್ದೆ.

ಮದುವೆಯಾದ ಮೇಲಿನ ನನ್ನ ಮೊದಲ ಗೌರಿ ಹಬ್ಬ ಬಂತು. ತವರಿನವರು ಬಾಗಿನ ತರುವವರಿದ್ದರು. ಅಷ್ಟರೊಳಗೆ ನಮ್ಮ ಗೋಡೆ ಅಕ್ಕನ ಗೋಡೆಯನ್ನು ಮೀರಿಸಬೇಕು, ಅತ್ತೆ ಒಂದು ಸಲವಾದರೂ ನನ್ನನ್ನು ಹೊಗಳಬೇಕು! ಬೇರೆ ದಾರಿಯಿಲ್ಲದೆ ಹೋಗಿ ಅಳತೆ ಕೇಳಿದೆ. ಸತಾಯಿಸುತ್ತಾಳೆ ಅಂದುಕೊಂಡಿದ್ದೆ. ಅಕ್ಕ ಒಂದು ಚೂರು ಬಟ್ಟೆಯಲ್ಲಿ ಎರಡು ಚಿಟಿಕೆ ನೀಲಿ ಗಂಟು ಕಟ್ಟಿ ನನ್ನ ಕೈಗೇ ಕೊಟ್ಟಳು.

“ಬಕೀಟ್ಗೆ ಇದ್ನ ಅದ್ದಿ ಆಡ್ಸು, ಸಾಕು. ಹಸೀಲಿ ನೋಡ್ಬ್ಯಾಡ ಕಣವ್ವ, ಏನೂ ಕಾಣಾಕಿಲ್ಲ. ಒಣಗ್ಲಿ, ಆಮ್ಯಾಕೆ ನೋಡು.”

ಮೊದಲು ಈ ಮೂಲೆಯಲ್ಲೇ ಹಚ್ಚಿ ನೋಡಿದೆ. ನೀಲಿಯೂ ಇಲ್ಲ, ಬಿಳುಪೂ ಇಲ್ಲ. ಗೋಡೆಗೆ ಅಕ್ಕಿ ತೊಳೆದ ನೀರು ಎರಚಿದ ಹಾಗೆ. ಎರಡು ನಿಮಿಷ ಕಾದೆನೋ ಇಲ್ಲವೋ, ತಲೆ ಕೆಟ್ಟಿತು. ನೋಡು, ಬೇಕೆಂದೇ ಕಡಿಮೆ ಹೇಳಿದ್ದಾಳೆ! ಒಳಗಿನಿಂದ ನೀಲಿಯ ಪೊಟ್ಟಣ ತಂದು ಅಷ್ಟನ್ನೂ ಬಕೆಟ್ಟಿಗೆ ಸುರಿದೆ. ಆಗ ಕಣ್ಣಿಗೆ ಕಾಣುವಷ್ಟು ಬಣ್ಣ ಬಂತು. ಬೀಗುತ್ತಾ ಮಿಕ್ಕ ಗೋಡೆಯನ್ನೆಲ್ಲ ಬಳಿದು ಮುಗಿಸಿದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ನೋಡಿದೆ. ಗೋಡೆ ಸೆಕ್ಯುರಿಟಿ ಗಾರ್ಡುಗಳ ಅಂಗಿಯ ಹಾಗೆ ಕಡುನೀಲಿಯಾಗಿ ಕೂತಿತ್ತು. ಮುಟ್ಟಿದರೆ ಕೈಗೆ ಬಣ್ಣ. ಮೂಲೆಗೆ ತಿರುಗಿದೆ... ಅಲ್ಲಿ ಮಾತ್ರ, ಎರಡು ಮೊರದಷ್ಟು ಅಗಲ, ಅಕ್ಕನ ತಿಳಿನೀಲಿ ಒಣಗಿ ನಗುತ್ತಿತ್ತು. ಒಂದು ಎಳೆಯೂ ಹೆಚ್ಚುಕಡಿಮೆ ಇಲ್ಲ.

ಗೋಡೆ ಕೆಟ್ಟಿದ್ದಕ್ಕೆ ನನಗೆ ನಾಚಿಕೆಯಾಯಿತು. ಆ ಮೂಲೆ ಅಷ್ಟು ಚೆನ್ನಾಗಿ ಬಂದದ್ದನ್ನು ಮಾತ್ರ ಸಹಿಸಲು ಆಗಲಿಲ್ಲ. ತವರಿನಿಂದ ನನ್ನ ಜೊತೆ ಬಂದ ಪೆಟ್ಟಿಗೆಯನ್ನು ದರದರ ಎಳೆದು ಮೂಲೆಗೆ ಅಡ್ಡ ಇಟ್ಟೆ. ಅತ್ತೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಾಗ, ಗೋಡೆಯಾಚೆಗೂ ಕೇಳುವಂತೆ ಹೇಳಿದೆ: “ಅಕ್ಕ ಅಂದಂಗೇ ಹಾಕ್ದೆ ಅತ್ತೆ. ಬೇಕೂಂತ್ಲೇ ತಪ್ಪು ಅಳ್ತೆ ಕೊಟ್ಟವ್ರೆ.”

ಸ್ವಲ್ಪ ಹೊತ್ತಿಗೆ ಅಕ್ಕ ಒಂದು ಬಕೆಟ್ ಬಿಳಿ ಸುಣ್ಣ ಹಿಡಿದುಕೊಂಡು ಬಂದಳು. ಜಗಳ ಮಾಡುತ್ತಾಳೆಂದು ನಾನು ಸೆರಗು ಸಿಕ್ಕಿಸಿ ನಿಂತಿದ್ದೆ. ಅವಳು ಗೋಡೆ ನೋಡಿದಳು, ಪೆಟ್ಟಿಗೆ ನೋಡಿದಳು. “ನಾನೇ ಸರ್ಯಾಗಿ ತಿಳ್ಸಿಲ್ವೇನೋ, ಬುಡವ್ವ. ನಿಮ್ಮೋರ್ ಬರೋದ್ರೊಳ್ಗೆ ಒಂದ್ ಕೈ ಬಳ್ದುಬುಡಾನ” ಎಂದು ಕುಂಚ ಹಿಡಿದಳು. ಅತ್ತೆ ಅವಳ ಕೈಯಿಂದ ಕುಂಚ ಕಿತ್ತುಕೊಂಡು, “ನೀನ್ ಮಾಡಿರೋದೇ ಸಾಕು, ಓಗು” ಅಂದುಬಿಟ್ಟರು.

ಅತ್ತೆ ಆಮೇಲೆ ಆ ಮನೆಗೆ ಕಾಫಿಗೆ ಹೋಗಲಿಲ್ಲ. ನನ್ನ ಕಾಫಿಯನ್ನೇ ಕುಡಿದರು. ನನಗೆ ಬೇಕಾದದ್ದು ಸಿಕ್ಕಿತ್ತು. ಪ್ರತಿ ವರ್ಷ ಸುಣ್ಣ ಬಳಿಯುವಾಗ “ಪೆಟ್ಗೆ ಇಂದ್ಗಡೆ?” ಎಂದು ಅವರು ಕೇಳಿದರೆ “ಆಯ್ತು ಅತ್ತೆ” ಅನ್ನುತ್ತಿದ್ದೆ.

ಎರಡು ವರ್ಷದ ಮೇಲೆ ಅಕ್ಕನ ಗಂಡ ಹಿರೀಸಾವೆಯಲ್ಲಿ ಹೋಟೆಲ್ ಇಟ್ಟರು. ಅವರು ಮನೆ ಮಾರಿ ಹೋದರು. ಹೊರಡುವಾಗ ಅಕ್ಕ ನನಗೆ ಕುಂಕುಮ ಇಟ್ಟಳು, ಆ ಮಾತು ಮಾತ್ರ ಎತ್ತಲಿಲ್ಲ. ಒಂದು ಸಲ ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಹೋಗುವಾಗ ಬಸ್ಸು ಆ ಹೋಟೆಲಿನ ಮುಂದೆಯೇ ನಿಂತಿತು. ಒಳಗೆ ಅದೇ ತಿಳಿನೀಲಿ ಗೋಡೆ, ತುಂಬಿದ ಬೆಂಚುಗಳು, ಗಲ್ಲಾಪೆಟ್ಟಿಗೆಯ ಮುಂದೆ ಅಕ್ಕ. ಇಲ್ಲೂ ಜನರನ್ನು ಸೇರಿಸಿಕೊಂಡಿದ್ದಾಳಲ್ಲ ಎಂದು ಹೊಟ್ಟೆ ಉರಿಯಿತು. ಇಳಿದು ಒಂದು ಮಾತು ಹೇಳಬಹುದಿತ್ತು. ಕಿಟಕಿಯ ಗಾಜು ಮುಚ್ಚಿಕೊಂಡು ಕೂತೆ... ಅಕ್ಕ ತೀರಿಕೊಂಡ ಸುದ್ದಿ ಬಂದದ್ದೂ ಎಷ್ಟೋ ತಿಂಗಳ ಮೇಲೆ. ಅಷ್ಟರಲ್ಲಿ ಅತ್ತೆಯೂ ಹೋಗಿದ್ದರು.

ಮೊನ್ನೆ, ಇದೇ ಬಣ್ಣ ಬೇಕು ಎಂದು ನಾನು ಹೇಳಿದ್ದಕ್ಕೆ ಪೇಂಟಿನವನು ಆ ಮೂಲೆಯ ಫೋಟೋ ತೆಗೆದುಕೊಂಡು ಹೊಳೆನರಸೀಪುರಕ್ಕೆ ಹೋಗಿ, ಮೆಷಿನ್ನಿನಲ್ಲಿ ಬೆರೆಸಿದ ಡಬ್ಬಿ ತಂದ. ಪಕ್ಕದಲ್ಲೇ ಒಂದು ಕೈ ಹಚ್ಚಿ “ಅದೇ ಅಲ್ವೇನಮ್ಮ?” ಎಂದ.

“ಒಣಗ್ಲಿ ತಡಿ” ಎಂದೆ.

ಮಧ್ಯಾಹ್ನದವರೆಗೆ ಅದರ ಮುಂದೆಯೇ ಕೂತಿದ್ದೆ. ಒಣಗಿತು. ಹತ್ತಿರ ಬಂದಿತ್ತು, ಅದೇ ಆಗಿರಲಿಲ್ಲ. ಬಟ್ಟೆ ಮಡಿಸುತ್ತಿದ್ದ ನನ್ನ ಸೊಸೆಗೆ ಕೇಳುವಂತೆ, ಅಂದು ಹೇಳಿದಷ್ಟೇ ಗಟ್ಟಿಯಾಗಿ ಹೇಳಿದೆ: “ಅಕ್ಕ ಸರಿಯಾಗೇ ಅಳ್ತೆ ಕೊಟ್ಟಿದ್ರು ಕಣವ್ವ. ನಾನೇ ಸುಳ್ಳು ಏಳ್ದೆ.”

ಸೊಸೆ ತಲೆಯೆತ್ತಿ ನೋಡಿದಳು.

“ಯಾವ ಅಕ್ಕ, ಅತ್ತೆ?”