ಬೇಕೆಂದೇ ಬಿಟ್ಟ ತೂತುಗಳು

ಚಂದನಾ, ತೇಜಸ್, ನಿಮ್ಮಿಬ್ಬರ ತಲೆಯ ಮೇಲೂ ನಾನು ಬರೆ ಎಳೆದಿದ್ದೇನೆ.

ಗಾಬರಿಯಾಗಬೇಡಿ. ನೀವು ಎಳೆ ಕೂಸಾಗಿದ್ದಾಗ ನಾನು ಹೆಣೆದು ಹಾಕಿದ ಉಲ್ಲನ್ ಟೋಪಿಯ ಹೊಲಿಗೆ ಒತ್ತಿ, ನೆತ್ತಿಯಿಂದ ಕತ್ತಿನವರೆಗೆ ಕೆಂಪು ಗೆರೆ ಮೂಡುತ್ತಿತ್ತು. "ಏನತ್ತೆ, ಮಗೀನ ತಲೆ ಮ್ಯಾಲೆ ಬದು ಹಾಕಿದ್ದೀರಾ?" ಎಂದು ನಿಮ್ಮ ಅಮ್ಮ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಚುರ್ ಎನ್ನುತ್ತಿತ್ತು.

ಏನು ಮಾಡಲಿ? ನಮ್ಮೂರ ಶಾಲೆಯಲ್ಲಿ ಟೀಚರ್ ಕಲಿಸಿದ್ದು ಎರಡು ಕಡ್ಡಿಯ ಹೆಣಿಗೆ. ಚಪ್ಪಟೆಯಾಗಿ ಹೆಣೆ, ಮಡಚು, ಹಿಂದೆ ಹೊಲಿ. ಅಷ್ಟೇ ವಿದ್ಯೆ.

ಈಗ ನಿಮ್ಮ ಮಂಜುಳತ್ತೆ ಬಾಣಂತನಕ್ಕೆ ಶಿರಾದ ನಮ್ಮ ಮನೆಗೆ ಬಂದಿದ್ದಾಳಲ್ಲ, ನಾಮಕರಣಕ್ಕೆ ಮುಂಚೆಯೇ ಹೇಳಿಬಿಟ್ಟಳು: "ಅವ್ವ, ಈ ಸಲ ಟೋಪಿ ಅಂಗಡೀಲೇ ತತ್ತೀವಿ ಬುಡು. ಇದ್ರ ತಲೆ ಇನ್ನೂ ಬೆಣ್ಣೆ ಇದ್ದಂಗೈತೆ."

ಅಂಗಡಿ ಟೋಪಿಯಂತೆ! ನನ್ನ ಮೊಮ್ಮಗಳಿಗೆ!

ಮೊಬೈಲ್‌ನಲ್ಲಿ ವಿಡಿಯೋ ನೋಡಿದೆ. ನಡುವೆ ವೈರು ಇರುವ ಜೋಡಿ ಕಡ್ಡಿ ತರಿಸಿದೆ. ಇದರಲ್ಲಿ ಬಾವಿಗೆ ಕಲ್ಲು ಕಟ್ಟಿದ ಹಾಗೆ ಸುತ್ತ ಸುತ್ತ ಹೆಣೆಯುತ್ತಾ ಹೋಗುವುದು. ಹೊಲಿಗೆಯ ಮಾತೇ ಇಲ್ಲ! ದಾರವನ್ನು ಕಡ್ಡಿಗೆ ಒಮ್ಮೆ ಸುಮ್ಮನೆ ಸುತ್ತಿದರೆ ಅಲ್ಲೊಂದು ಸಣ್ಣ ತೂತು. ಪಕ್ಕದ ಎರಡು ಕುಣಿಕೆ ಸೇರಿಸಿ ಹೆಣೆದರೆ ಕುಣಿಕೆಗಳ ಲೆಕ್ಕ ಸರಿಹೋಗುತ್ತದೆ. ತೂತುಗಳು ಓರೆಯಾಗಿ ಬಳ್ಳಿಯಂತೆ ಮೇಲೇರುತ್ತವೆ. ನೆತ್ತಿಯಲ್ಲಿ ಕುಣಿಕೆ ಕಡಿಮೆ ಮಾಡಿ, ಉಳಿದವುಗಳಲ್ಲಿ ದಾರ ತೂರಿಸಿ, ಚೀಲದ ಬಾಯಿ ಕಟ್ಟಿದಂತೆ ಎಳೆದರೆ ಮುಗಿಯಿತು. (ಮೊದಲ ಸುತ್ತೇ ತಿರುಚಿಕೊಂಡು ಟೋಪಿ ಜಿಲೇಬಿಯಾಗಿದ್ದು, ಎಲ್ಲ ಬಿಚ್ಚಿ ಮತ್ತೆ ಹೆಣೆದದ್ದು ನಿಮಗೆ ಮಾತ್ರ ಗೊತ್ತಿರಲಿ.)

ನಾಮಕರಣದ ಬೆಳಗ್ಗೆ ಟೋಪಿಯನ್ನು ಜಗಲಿಯ ಮೇಲಿಟ್ಟು ಒಬ್ಬಟ್ಟಿನ ಕೆಲಸಕ್ಕೆ ಕೂತೆ. ಮುಗಿಸಿ ಬಂದರೆ ಪಕ್ಕದ ಮನೆಯ ಸಿದ್ದಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಕೈಯಲ್ಲಿ ಸೂಜಿ! ಅವಳು ಕಳ್ಳಂಬೆಳ್ಳ ಕಡೆಯ ಕಂಬಳಿ ನೇಯುವ ಮನೆಯವಳು. ನುಸಿ ತಿಂದ ಕಂಬಳಿ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ.

"ಅಲ್ಲ ಕಣಕ್ಕ, ಕಣ್ ಕಾಣಾಕಿಲ್ವಾ ನಿಂಗೆ? ಮಗೀಗೆ ನುಸಿ ತಿಂದ ಟೋಪಿ ಇಕ್ಕಾಕೆ ಹೊಂಟಿದ್ಯಲ್ಲ! ಸುತ್ತಾ ತೂತು. ಎಲ್ಲಾ ಮುಚ್ಚಿವ್ನಿ ನೋಡು."

ನನ್ನ ಬಳ್ಳಿ ಪೂರ್ತಿ ಮಾಯ.

ಹೇಳುವುದೋ, ಬಿಡುವುದೋ? ಇದೇ ಸಿದ್ದಮ್ಮ ವರ್ಷಗಳಿಂದ ಪಾಯಸದಂಥ ಕಾಫಿ ಕೊಡುತ್ತಾಳೆ. ನಾನು "ಚೆಂದಾಗೈತೆ" ಎಂದು ಕುಡಿಯುತ್ತೇನೆ. ನಿಮ್ಮ ತಾತ ಹೋದ ಮೇಲಂತೂ ಯಾರನ್ನೂ ನೋಯಿಸಬಾರದೆಂದು ಎಲ್ಲಕ್ಕೂ ಹೂಂ. ನನ್ನಂಥ ಹೆಂಗಸರು ಇಂಥ ಎಷ್ಟು "ಚೆಂದಾಗೈತೆ"ಗಳನ್ನು ನುಂಗಿದ್ದಾರೋ!

ಈಗಲೂ ನುಂಗುತ್ತಿದ್ದೆನೇನೋ. ಆದರೆ ಟೋಪಿಯ ಒಳಗೆ ಕೈಹಾಕಿ ಸವರಿದೆ. ಮುಚ್ಚಿದ ತೂತು ಒಂದೊಂದೂ ಒಳಗೆ ಕಡಲೆಕಾಳಿನಂತೆ ಉಬ್ಬಿತ್ತು. ಒಂದು ಗೆರೆಗೇ ಅಷ್ಟು ನಗೆಯಾಗಿತ್ತು. ಈ ಸಲ ತಲೆತುಂಬ ಕೆಂಪು ಚುಕ್ಕೆ ಮೂಡಿದರೆ?

"ಸಿದ್ದಮ್ಮ, ಅವು ನಾನೇ ಬಿಟ್ಟ ತೂತು ಕಣಮ್ಮ. ಬಿಚ್ಬೇಕು" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ.

ಅವಳು ಟೋಪಿ ನೋಡಿದಳು, ನನ್ನ ಮುಖ ನೋಡಿದಳು. "ಬೇಕೂಂತ ತೂತು ಮಾಡಿದ್ದಾ? ನಮ್ಮಪ್ಪ ಇದ್ದಿದ್ರೆ ನಿನ್ನ ಮಗ್ಗದ ಗುಂಡಿಗೆ ತಳ್ಬುಡ್ತಿದ್ದ!" ಎಂದು ನಕ್ಕಳು ನೋಡಿ, ಒಳಗೆ ಮಗುವಿಗೆ ಎಚ್ಚರವಾಯಿತು. "ಹೆಣಿಯೋವಾಗ್ಲೇ ಒಂದ್ಮಾತು ಒದರಾಕೆ ಏನಾಗಿತ್ತಕ್ಕ? ಕತ್ರಿ ತತ್ತಾ ಅತ್ಲಾಗೆ."

ಇಬ್ಬರೂ ಕೂತು ಬಿಚ್ಚಿದೆವು. ಬಿಚ್ಚುವಾಗಲೂ ಅವಳ ಗೊಣಗಾಟ ನಿಲ್ಲಲಿಲ್ಲ: "ಇಷ್ಟು ಚೆಂದಾಗಿ ಮುಚ್ಚಿದ್ದೆ, ಥೂ!"

ಮಗುವನ್ನು ತೊಟ್ಟಿಲಿಗೆ ಹಾಕಿದಾಗ ತಲೆಯ ಮೇಲಿದ್ದದ್ದು ನನ್ನ ಟೋಪಿಯೇ. ಊಟವಾದ ಮೇಲೆ ಮಂಜುಳಾ ಅದನ್ನು ತೆಗೆದು, ಮಗುವಿನ ತಲೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ನಾನೂ ಪಕ್ಕದಲ್ಲಿ ಬಗ್ಗಿ ನೋಡಿದೆ.

ಗೆರೆ ಇಲ್ಲ!

"ಅವ್ವ, ಇನ್ನೊಂದು ಹೆಣೀ. ಒಗಿಯಾಕೆ ಹಾಕ್ದಾಗ ಬೇಕಾಯ್ತದೆ" ಎಂದಳು.

ಈ ಹಾಳೆಗಳನ್ನು ಹುಷಾರಾಗಿ ಎತ್ತಿಡಿ, ಮಕ್ಕಳೇ. ನಿಮ್ಮಜ್ಜಿಗೂ ಒಂದು ದಿನ ಬಾಯಿ ಬಂದಿತ್ತು ಎಂದರೆ ಬರೀ ಮಾತಿನಲ್ಲಿ ಯಾರು ನಂಬುತ್ತಾರೆ?