ನೀಲಾ ಆಂಟಿಯ ಡಾಂಗ್ ಶೆನ್

ನೀಲಾ ಆಂಟಿಯ ಸಾರಿನಲ್ಲಿ ಕರಿಬೇವಿಗಿಂತ ಮೊದಲು ಬೇರುಗಳನ್ನು ಎತ್ತಿಡಬೇಕಿತ್ತು. ಪೆನ್ಸಿಲ್ ಗಾತ್ರದ, ಸುಕ್ಕುಗಟ್ಟಿದ, ಮಾಸಲು ಹಳದಿ ತುಂಡುಗಳು. ಡಾಂಗ್ ಶೆನ್ ಎಂಬ ಚೀನೀ ಬೇರು. ನಿಶ್ಶಕ್ತಿಗೆ ಕೊಡುವ ಸೌಮ್ಯ ಔಷಧಿಯಂತೆ. ಧಾರವಾಡದ ಈ ಆಂಟಿ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ನಮ್ಮ ಎದುರು ಮನೆಯವರು. ಗಂಡ ತೀರಿಕೊಂಡಿದ್ದರು, ಮಗಳು ಸಿಡ್ನಿಯಲ್ಲಿ. ಸ್ಟೇಷನ್ ಹತ್ತಿರದ ಚೀನೀ ಔಷಧಿ ಅಂಗಡಿಯಲ್ಲಿ ಅವರು ಈ ಬೇರಿನ ರುಚಿ ನೋಡಿದ್ದೇ ತಡ, ನಮ್ಮೆಲ್ಲರ ನಾಲಿಗೆಗೆ ಶನಿ ಹಿಡಿಯಿತು.

ಆಫೀಸಿನಿಂದ ಬಂದು ಬೀಗ ತೆಗೆಯುವುದರೊಳಗೆ ಲೋಟ ಹಿಡಿದು ನಿಂತಿರುತ್ತಿದ್ದರು.

“ಕುಡಿ, ಮುಖ ಎಷ್ಟ್ ಬಾಡೇತಿ ನೋಡು.”

“ಡೆಡ್‌ಲೈನ್ ಇತ್ತು ಆಂಟಿ, ನಿದ್ದೆ ಇಲ್ಲ ಅಷ್ಟೇ.”

“ಅದಕ್ಕೂ ಇದ ಔಷಧ.”

ನನ್ನ ಮ್ಯಾನೇಜರ್ ಊಟಕ್ಕೆ ಬಂದ ದಿನ ಅವನ ಪಾಯಸಕ್ಕೂ ಸಣ್ಣಗೆ ಸೀಳಿ ಹಾಕಿಬಿಟ್ಟಿದ್ದರು. ಪಾಪ, ಅದೂ ಶಾವಿಗೆಯೇ ಎಂದುಕೊಂಡು ಜಗಿದೇ ಜಗಿದ.

ಆಮೇಲೆ ಅವರಿಗೇ ಏದುಸಿರು ಶುರುವಾಯಿತು. ಇಲ್ಲಿ ಜಿಪಿ ಎನ್ನುವ ಫ್ಯಾಮಿಲಿ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಬುಕ್ ಮಾಡಿದೆ, ಹೋಗಲಿಲ್ಲ. ಮತ್ತೆ ಮಾಡಿದೆ, ಅಂದು ಹಪ್ಪಳ ಒಣಗಿಸುವುದಿತ್ತಂತೆ, ಮೆಲ್ಬರ್ನಿನ ಮೋಡದಲ್ಲಿ! “ಬೇರು ಕುಡ್ಯಾಕತ್ತೀನಲ್ಲ, ಕಡಿಮಿ ಆಕ್ಕೈತಿ ಬಿಡು.” ಕೂಗಾಡಿದೆ, ಮಗಳಿಂದ ಫೋನ್ ಮಾಡಿಸಿದೆ, ಕೊನೆಗೆ ಮಾತೇ ಬಿಟ್ಟೆ. ಲೋಟ ಮಾತ್ರ ಬಾಗಿಲಿಗೆ ಬರುತ್ತಲೇ ಇತ್ತು.

ಒಂದು ಶನಿವಾರ, ಒಬ್ಬರೇ ಹೋಗಿ ಎಲ್ಲಾದರೂ ಬಿದ್ದಾರೆಂದು ಆ ಅಂಗಡಿಗೆ ನಾನೂ ಹೋದೆ. ಗಲ್ಲಾದಲ್ಲಿದ್ದ ಮುದುಕ ಅವರ ಊದಿದ ಪಾದಗಳನ್ನು ಕಂಡವನೇ ಪೊಟ್ಟಣವನ್ನು ತನ್ನತ್ತ ಎಳೆದುಕೊಂಡ.

“ನೋ. ಹಾಸ್ಪಿಟಲ್. ಟುಡೇ.”

ಆಂಟಿ ನನ್ನತ್ತ ತಿರುಗಿದರು. “ನಡೀವಾ ಆಸ್ಪತ್ರಿಗೆ. ತಿಳದಾಂವ ಹೇಳಾಕತ್ತಾನ.”

ಹಾಗಾದರೆ ಇಷ್ಟು ತಿಂಗಳು ನಾನು ಬಾಯಿ ಬಡಿದುಕೊಂಡದ್ದು? ಅವರನ್ನು ಕಾರಿನಲ್ಲಿ ಕೂರಿಸುವಾಗ ಅಳು ಬಂತು, ಸಿಟ್ಟಿಗೋ ಹೆದರಿಕೆಗೋ.

ಹೃದಯದ ಕವಾಟ ಕೆಟ್ಟಿತ್ತು. ಆಪರೇಷನ್ ಆದ ಮೇಲೆ ಮಗಳು ಸಿಡ್ನಿಯ ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ತನ್ನ ಮನೆಗೆ ಕರೆದೊಯ್ದಳು. ಆಫೀಸ್ ಕೆಲಸಕ್ಕೆ ಸಿಡ್ನಿಗೆ ಹೋದಾಗ ನೋಡಿಬರಲು ಹೋದೆ. ಬಹಳ ಇಳಿದುಹೋಗಿದ್ದರು. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಬೇರು ಕೂಡದೆಂದ ಡಾಕ್ಟರನ್ನು ಮನಸಾರೆ ಬೈದರು. ಫ್ಲೈಟಿಗೆ ಹೊತ್ತಾಯಿತೆಂದು ಎದ್ದೆ. ನನ್ನ ಮಣಿಕಟ್ಟು ಹಿಡಿದು, ನಾಡಿ ನೋಡುವವರಂತೆ ಕಣ್ಣು ಮುಚ್ಚಿದರು.

“ಅದರಲ್ಲಿ ನಿಮಗೇನು ಗೊತ್ತಾಗತ್ತೆ ಆಂಟಿ?” ರೇಗಿದೆ.

“ನನಗೇನ್ ತಿಳೀತೈತಿ? ನೀ ಇನ್ನೊಂದೀಟು ಹೊತ್ತು ಕುಂಡ್ರಲಿ ಅಂತ ಹಿಡದೀನಿ.”

ಬ್ಯಾಗ್ ಕೆಳಗಿಟ್ಟು ಕುಳಿತೆ. ಫ್ಲೈಟ್ ತಪ್ಪಿತು. ನಾನು ಅವರನ್ನು ನೋಡಿದ್ದು ಅದೇ ಕೊನೆ.